ಬಾಲ್ಕನಿಯ ಕೆಂಪು ಧೂಳೇ ಪಿಎಂ 2.5 ಅಲ್ವಾ?

ಪ್ರಶ್ನೆ: ನಮ್ಮ ಮನೆ ಮುಂದೆ ರಸ್ತೆ ಅಗೆದು ಮೂರು ತಿಂಗಳಾಯಿತು. ಬಾಲ್ಕನಿ ಒರೆಸಿದ ಬಟ್ಟೆ ದಿನಾ ಕೆಂಪಾಗುತ್ತದೆ. ಪಿಎಂ 2.5 ಅಂತಾರಲ್ಲ, ಅದು ಇದೇನಾ? ಅದರಲ್ಲಿ ಏನೇನಿರುತ್ತದೆ?
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ಬಟ್ಟೆಗೆ ಅಂಟಿದ್ದು ಬಹುಪಾಲು ದಪ್ಪ ಮಣ್ಣು. ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್). ಪಿಎಂ 2.5 ಅಂದರೆ ಗಾಳಿಯಲ್ಲಿರುವ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಅದು ಬೇಗ ನೆಲಕ್ಕೆ ಕೂರುವುದಿಲ್ಲ, ದಿನಗಟ್ಟಲೆ ತೇಲುತ್ತಿರುತ್ತದೆ. ಮಣ್ಣಿನ ಸಿಲಿಕಾನ್, ಸಿಮೆಂಟಿನ ಕ್ಯಾಲ್ಸಿಯಂ ಅದರಲ್ಲೂ ಸ್ವಲ್ಪ ಇರುತ್ತದೆ, ಆದರೆ ಮುಖ್ಯ ಸರಕು ಬೇರೆ.

ಅಳೆಯುವಾಗ ಮಾರಿ ಬಿಸ್ಕತ್ತಿಗಿಂತ ಸ್ವಲ್ಪ ಚಿಕ್ಕದಾದ ಬಿಳಿ ಫಿಲ್ಟರಿನ ಮೂಲಕ ಗಂಟೆಗೆ ಒಂದು ಘನ ಮೀಟರ್ ಗಾಳಿ ಎಳೆಯುತ್ತೇವೆ. ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಗಾಳಿ ಸರಿಯಾಗಿ ಆ ಮಿತಿಯಲ್ಲೇ ಇದ್ದರೆ 24 ಗಂಟೆಯಲ್ಲಿ ಸಿಗುವುದು ಬರೀ ಒಂದೂವರೆ ಮಿಲಿಗ್ರಾಂ, ಒಂದೆರಡು ಸಕ್ಕರೆ ಹರಳಿನ ತೂಕ! ಅಷ್ಟಕ್ಕೇ ಫಿಲ್ಟರ್ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಡೀಸೆಲ್, ಸೌದೆ, ಕಸ ಸರಿಯಾಗಿ ಉರಿಯದೆ ಬಂದ ಮಸಿ ಅದು.

ಮೋಸ ಮಾಡುವುದು ಈ ಮಸಿ ಬಣ್ಣವೇ, ಸಿಕ್ಕಿದ್ದೆಲ್ಲ ಮಸಿಯೇ ಅನ್ನಿಸುತ್ತದೆ. ಫಿಲ್ಟರಿನ ಒಂದು ತುಂಡನ್ನು ನೀರಲ್ಲಿ ನೆನೆಸಿದರೆ ಕಣ್ಣಿಗೆ ಕಾಣದ ಉಪ್ಪುಗಳು ಕರಗಿ ಬರುತ್ತವೆ: ಸಲ್ಫೇಟ್, ನೈಟ್ರೇಟ್, ಅಮೋನಿಯಂ. ಇವುಗಳಲ್ಲಿ ಹೆಚ್ಚಿನವು ಯಾವ ಹೊಗೆಕೊಳವೆಯಿಂದಲೂ ಕಣವಾಗಿ ಹೊರಬಂದದ್ದಲ್ಲ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಸಲ್ಫರ್ ಡೈಆಕ್ಸೈಡ್, ವಾಹನಗಳ ನೈಟ್ರೋಜನ್ ಆಕ್ಸೈಡ್ ಗಾಳಿಯಲ್ಲೇ ಆಮ್ಲವಾಗಿ, ಅಮೋನಿಯಾ ಜೊತೆ ಸೇರಿ ಕಣವಾಗುತ್ತವೆ. ದನದ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯಾ. ಗೊಬ್ಬರ ಹಾಕಿದ ಹೊಲದಿಂದಲೂ ಬರುತ್ತದೆ. ಅಂದರೆ ನೂರಾರು ಕಿಲೋಮೀಟರ್ ಆಚೆಯ ಅನಿಲವೂ ನಿಮ್ಮ ಬೀದಿಯಲ್ಲಿ ಕಣವಾಗಿ ತೇಲಬಹುದು. ನೈಟ್ರೇಟ್ ಚಳಿಗೆ ಜಾಸ್ತಿ, ಬಿಸಿಲೇರಿದರೆ ಮತ್ತೆ ಅನಿಲವಾಗಿ ಹಾರಿಹೋಗುತ್ತದೆ. ದೆಹಲಿಯ ಚಳಿಗಾಲದ ಬೆಳಗ್ಗೆ ಕ್ಲೋರೈಡ್ ಕೂಡ ವಿಪರೀತ. ಅದಕ್ಕೆ ಪ್ಲಾಸ್ಟಿಕ್ ಕಸ ಸುಡುವುದೂ ಒಂದು ಕಾರಣ.

ಹಾಗಾಗಿ ರಸ್ತೆಗೆ ಟ್ಯಾಂಕರ್ ನೀರು ಹೊಡೆದರೆ ನಿಮ್ಮ ಒರೆಸುವ ಕೆಲಸ ಕಮ್ಮಿಯಾದೀತು, ಈ ಉಪ್ಪುಗಳಿಗೆ ಏನೂ ಆಗುವುದಿಲ್ಲ. ರಸ್ತೆ ಬಗ್ಗೆ ದೂರು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಬೆಳಗ್ಗೆ ಮೂಲೆಯಲ್ಲಿ ತರಗೆಲೆ, ಕವರ್ ಗುಡ್ಡೆ ಹಾಕಿ ಬೆಂಕಿ ಇಡುತ್ತಾರಲ್ಲ, ಮೊದಲು ಅದನ್ನು ನಿಲ್ಲಿಸಿ. ಸೌದೆ, ಎಲೆ ಉರಿದಾಗ ಲೆವೊಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ವಸ್ತು ಹುಟ್ಟುತ್ತದೆ, ಡೀಸೆಲ್ ಹೊಗೆಯಲ್ಲಿ ಅದು ಇರುವುದಿಲ್ಲ. ಫಿಲ್ಟರಿನಲ್ಲಿ ಅದು ಸಿಕ್ಕರೆ ಎಲ್ಲೋ ಸೌದೆಯೋ ಎಲೆಯೋ ಉರಿದಿದೆ ಅಂತಲೇ ಲೆಕ್ಕ.