ಕೈಗೆಟುಕುವ ಬೆಲೆಗೆ ಒಳ್ಳೆಯ ಜಪಾನೀ ಆರ್ಚ್‌ಟಾಪ್ ಗಿಟಾರ್: ಏನು ನೋಡಿ ಕೊಳ್ಳಬೇಕು?

ನೀವು ಜಾಝ್ ಕಲಿಯುತ್ತಿದ್ದೀರಿ. ಒಳಗೆ ಪೂರ್ತಿ ಟೊಳ್ಳಿರುವ, ಮೇಲ್ಹಲಗೆ ಉಬ್ಬಿರುವ, ಎಫ್ ಆಕಾರದ ರಂಧ್ರಗಳಿರುವ ಆರ್ಚ್‌ಟಾಪ್ ಗಿಟಾರ್ ಬೇಕು. ಗಿಬ್ಸನ್ ಇಎಸ್-175 ಅಥವಾ ಎಲ್-5 ಕೊಳ್ಳುವಷ್ಟು ದುಡ್ಡಿಲ್ಲ, ಜಪಾನಿನ ಹಳೆಯ ಗಿಟಾರುಗಳು ಚೆನ್ನಾಗಿರುತ್ತವೆ ಅಂತ ಯಾರೋ ಹೇಳಿದ್ದಾರೆ. ಅದು ನಿಜವೇ, ನಿಜವಾದರೆ ಯಾವುದನ್ನು ಕೊಳ್ಳಬೇಕು, ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವಾಗ ಏನೇನು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ.

ನಿಜ. ನಾನು ಬಹಳ ಕಾಲದಿಂದ ಇವನ್ನೇ ನುಡಿಸುತ್ತಿದ್ದೇನೆ, ಗೆಳೆಯರಿಗೂ ಹುಡುಕಿ ಕೊಡಿಸಿದ್ದೇನೆ. ಇಷ್ಟು ದುಡ್ಡಿಗೆ ಇಷ್ಟು ಅಚ್ಚುಕಟ್ಟಾದ ಮರಗೆಲಸ ಬೇರೆಲ್ಲೂ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಕೊಳ್ಳುವ ಕ್ರಮ ಒಂದಿದೆ. ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಲೆಭಾಗ) ಮೇಲಿನ ಹೆಸರಿಗಿಂತ ಅದನ್ನು ಕಟ್ಟಿದ ಕಾರ್ಖಾನೆ ಮುಖ್ಯ, ಕಾರ್ಖಾನೆಗಿಂತ ಆ ಒಂದು ಗಿಟಾರಿನ ನೆಕ್ (ಬೆರಳೊತ್ತಿ ನುಡಿಸುವ ಉದ್ದ ಹಿಡಿ) ಇವತ್ತು ಯಾವ ಸ್ಥಿತಿಯಲ್ಲಿದೆ ಅನ್ನೋದು ಮುಖ್ಯ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಹೆಸರುಗಳು ಹತ್ತಾರು, ಕಾರ್ಖಾನೆಗಳು ಕೆಲವೇ. ಐಬನೆಜ್ ಎಂಬುದು ನಗೋಯಾದ ಹೊಶಿನೊ ಗಕ್ಕಿ ಕಂಪನಿಯ ಬ್ರ್ಯಾಂಡ್. ಅದರ ಒಳ್ಳೆಯ ಗಿಟಾರುಗಳನ್ನು ಕಟ್ಟಿದ್ದು ನಾಗಾನೊ ಪ್ರಾಂತ್ಯದ ಮಾತ್ಸುಮೊಟೊದಲ್ಲಿ 1960ರಲ್ಲಿ ಶುರುವಾದ ಫುಜಿಗೆನ್. ಗ್ರೆಕೊ ಹೆಸರಿನ ಎಷ್ಟೋ ಗಿಟಾರುಗಳೂ ಅಲ್ಲಿಯವೇ. ಅದೇ ಊರಿನಲ್ಲಿದ್ದ ಮಾತ್ಸುಮೊಕು ಮೊದಲು ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡುತ್ತಿದ್ದ ಕಾರ್ಖಾನೆ. ಏರಿಯಾ ಪ್ರೊ 2 ಗಿಟಾರುಗಳನ್ನೂ 1970ರ ದಶಕದ ಜಪಾನೀ ಎಪಿಫೋನ್‌ಗಳನ್ನೂ ಕಟ್ಟಿದ್ದು ಇವರೇ. 1987ರಲ್ಲಿ ಬಾಗಿಲು ಮುಚ್ಚಿತು. ಮೂರನೆಯದು ನಗೋಯಾದ ತೆರಾದಾ. ಟೊಳ್ಳು ಗಿಟಾರುಗಳಲ್ಲಿ ಇವರ ಕೈ ಪಳಗಿದೆ. ಗ್ರೆಚ್ ಕಂಪನಿ ತನ್ನ ಮೇಲ್ದರ್ಜೆಯ ಟೊಳ್ಳು ಗಿಟಾರುಗಳನ್ನು ಇವರಿಂದಲೇ ಮಾಡಿಸುತ್ತಾ ಬಂದಿದೆ. 1988ರಿಂದ 1998ರವರೆಗೆ ಗಿಬ್ಸನ್ ಪರವಾನಗಿಯಲ್ಲಿ ಬಂದ ಆರ್ವಿಲ್ ಬ್ರ್ಯಾಂಡಿನ ಇಎಸ್-175 ಕೂಡ ಇವರದೇ ಕೆಲಸ. ಹಮಾಮಾತ್ಸುವಿನ ಯಮಾಹಾ ಬೇರೆಯದೇ ದಾರಿ ಹಿಡಿಯಿತು. ಅವರ ಎಇ ಸರಣಿ ಗಿಬ್ಸನ್ನಿನ ಪಡಿಯಚ್ಚಲ್ಲ. ಅದಕ್ಕೇ ಹೆಸರು ಕಡಿಮೆ, ಬೆಲೆಯೂ ಕಡಿಮೆ. ಎಇ-1200 ಒಳ್ಳೆಯ ಸ್ಥಿತಿಯಲ್ಲಿ ಕಂಡರೆ ಸುಮ್ಮನೆ ಬಿಡಬೇಡಿ.

ಇನ್ನು ಮೇಲ್ಹಲಗೆಯ ವಿಷಯ. ಇಡೀ ಸ್ಪ್ರೂಸ್ ಹಲಗೆಯನ್ನು ಕೆತ್ತಿ ಉಬ್ಬು ಮಾಡಿದ್ದೇ ಶ್ರೇಷ್ಠ, ಪದರ ಅಂಟಿಸಿ ಅಚ್ಚಿನಲ್ಲಿ ಒತ್ತಿದ್ದು ಕಳಪೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಜಾಝ್ ಗಿಟಾರಿನ ಮಟ್ಟಿಗೆ ಇದನ್ನು ನಾನು ಒಪ್ಪುವುದಿಲ್ಲ. 1922ರಲ್ಲಿ ಎಲ್-5 ಬಂದಾಗ ಗಿಟಾರಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸಾಧನ) ಇರಲಿಲ್ಲ, ದೊಡ್ಡ ವಾದ್ಯವೃಂದದ ನಡುವೆ ಕೇಳಿಸಬೇಕಾದರೆ ಕೆತ್ತಿದ ಹಲಗೆ ಬೇಕಿತ್ತು. 1949ರ ಇಎಸ್-175 ಮೊದಲಿನಿಂದಲೇ ಆಂಪ್ಲಿಫೈಯರಿಗಾಗಿ ಹುಟ್ಟಿದ ಗಿಟಾರ್. ಅದರ ಮೇಲ್ಹಲಗೆ ಪದರದ ಮೇಪಲ್. ಪದರದ ಹಲಗೆ ಗಡುಸು, ಅಷ್ಟಾಗಿ ಅದುರುವುದಿಲ್ಲ. ಹಾಗಾಗಿ ಆಂಪ್ ಪಕ್ಕದಲ್ಲಿದ್ದರೂ ಬೇಗ ಕೂಗುವುದಿಲ್ಲ, ಹವೆಯ ತೇವ ಏರಿಳಿದರೂ ಬಿರುಕು ಬಿಡುವುದಿಲ್ಲ. ನಾವು ರೆಕಾರ್ಡುಗಳಲ್ಲಿ ಕೇಳಿ ಮನಸೋತ ಆ ದುಂಡನೆಯ, ಬೇಗ ಆರುವ ದನಿಯಲ್ಲಿ ದೊಡ್ಡ ಪಾಲು ಈ ಪದರದ ಗಿಟಾರಿನದೇ. ಮೊದಲ ಆರ್ಚ್‌ಟಾಪಿಗೆ ಪದರದ್ದನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಆಂಪ್ ಇಲ್ಲದೆ ಒಬ್ಬರೇ ನುಡಿಸುವುದೇ ಹೆಚ್ಚಾದರೆ ಮಾತ್ರ ಕೆತ್ತಿದ್ದರ ಕಡೆ ನೋಡಿ.

ಮಾರುವವರು ಸುಮ್ಮನೆ ಸ್ಪ್ರೂಸ್ ಟಾಪ್ ಅಂತ ಬರೆದರೆ ಅದು ಇಡೀ ಹಲಗೆ ಎಂದು ಅರ್ಥವಲ್ಲ. ಎಫ್ ರಂಧ್ರದ ಅಂಚಿನ ಹತ್ತಿರದ ಫೋಟೊ ಕೇಳಿ. ಮೇಲಿನ ಎಳೆಗಳು ಅಂಚಿನ ದಪ್ಪದಲ್ಲೂ ಹಾಗೇ ಇಳಿದುಹೋಗಿದ್ದರೆ ಇಡೀ ಹಲಗೆ, ಅಡ್ಡ ಪದರಗಳು ಕಂಡರೆ ಒತ್ತಿದ್ದು. ಅಂಚಿಗೆ ಬಣ್ಣ ಬಳಿದಿದ್ದರೆ ಅಥವಾ ಬೈಂಡಿಂಗ್ (ಅಂಚಿನ ಪಟ್ಟಿ) ಕೂರಿಸಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಆಗ ರಂಧ್ರದೊಳಗೆ ಬೆಳಕು ಬಿಟ್ಟು ಮೇಲ್ಹಲಗೆಯ ಒಳಮೈ ನೋಡಬೇಕು. ಹೊರಗೆ ಕಾಣುವ ಎಳೆ ಒಳಗೂ ಅದೇ ಜಾಗದಲ್ಲಿ ಸಿಗಬೇಕು.

ಯಾವ ಮಾದರಿ ಅಂದರೆ, ಹುಡುಕಾಟವನ್ನು ಐಬನೆಜ್‌ನ 1970ರ ದಶಕದ ಇಎಸ್-175 ಮಾದರಿಯ 2355ರಿಂದ ಶುರುಮಾಡಿ. ಏರಿಯಾ ಪ್ರೊ 2ರಲ್ಲಿ ಜಾಝ್ ಗಿಟಾರ್ ವಾದಕ ಹರ್ಬ್ ಎಲ್ಲಿಸ್ ಹೆಸರಿನ ಗಿಟಾರ್ ಬಹಳ ಚೆನ್ನಾಗಿದೆ, ನನ್ನ ಮೆಚ್ಚಿನದೂ ಅದೇ. ಆರ್ವಿಲ್ ಇಎಸ್-175 ಸಿಕ್ಕರೆ ಒಳ್ಳೆಯದು, ಆದರೆ ಅದರ ಗುಟ್ಟು ಈಗ ಎಲ್ಲರಿಗೂ ಗೊತ್ತಾಗಿ ಬೆಲೆ ಏರಿದೆ. 1970ರ ದಶಕದ ಕೊನೆಯಲ್ಲಿ ಬಂದ, ಜಾಝ್ ಗಿಟಾರ್ ವಾದಕ ಜಾರ್ಜ್ ಬೆನ್ಸನ್ನರ ಹೆಸರಿನ ಐಬನೆಜ್ ಜಿಬಿ10 ಇಂದಿಗೂ ತಯಾರಾಗುತ್ತಿದೆ. ಒಡಲು ಚಿಕ್ಕದು, ಪಿಕಪ್‌ಗಳು ಹಲಗೆಯನ್ನು ಕೊರೆಯದೆ ತೇಲುವಂತೆ ಕೂತಿವೆ, ಜೋರು ವೇದಿಕೆಯಲ್ಲೂ ಹಿಡಿತ ತಪ್ಪುವುದಿಲ್ಲ. ಅಗ್ಗವಲ್ಲ, ಆದರೆ ಹಳೆಯದನ್ನು ಕೊಂಡರೆ ಅದರ ಬೆಲೆ ಬೀಳುವುದೂ ಇಲ್ಲ. ಹೆಸರು ನೋಡಿ ಮೋಸಹೋಗಬೇಡಿ: 2002ರಿಂದ ಬಂದ ಐಬನೆಜ್ ಆರ್ಟ್‌ಕೋರ್ ಸರಣಿ ಜಪಾನಿನದಲ್ಲ. ಕಲಿಯುವುದಕ್ಕೆ ಅದು ಸಾಕು, ಆದರೆ ನೀವು ಕೇಳುತ್ತಿರುವುದು ಅದನ್ನಲ್ಲ. ಡ್ರಮ್ಮಿನ ಪಕ್ಕದಲ್ಲಿ ಬಹಳ ಜೋರಾಗಿ ನುಡಿಸುವವರಾದರೆ ನಡುವೆ ಮರದ ದಿಮ್ಮಿ ಇರುವ ಅರೆಟೊಳ್ಳು ಗಿಟಾರೇ ಸರಿ. ಅದರಲ್ಲಿ ಯಮಾಹಾ ಎಸ್‌ಎ2200ಗೆ ನನ್ನ ಮತ.

ಜಾಹೀರಾತುಗಳಲ್ಲಿ ಲಾಸೂಟ್ (ಮೊಕದ್ದಮೆ) ಎಂಬ ಮಾತು ಕಂಡರೆ ಅದಕ್ಕೆಂದು ಒಂದು ಕಾಸೂ ಹೆಚ್ಚು ಕೊಡಬೇಡಿ. ಗಿಬ್ಸನ್ನಿನ ಒಡೆಯರಾಗಿದ್ದ ನಾರ್ಲಿನ್ ಕಂಪನಿ 1977ರಲ್ಲಿ ಅಮೆರಿಕದ ಐಬನೆಜ್ ವಿತರಕರ ಮೇಲೆ ಹೂಡಿದ ಮೊಕದ್ದಮೆ ಹೆಡ್‌ಸ್ಟಾಕಿನ ಆಕಾರಕ್ಕೆ ಸಂಬಂಧಿಸಿದ್ದು, ಅದೂ ರಾಜಿಯಲ್ಲಿ ಮುಗಿಯಿತು. ಗಿಟಾರಿನ ಗುಣಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅದಕ್ಕಿಂತ ಉಪಯೋಗಕ್ಕೆ ಬರುವ ಗುರುತುಗಳಿವೆ. ಆ ಕಾಲದ ಜಪಾನೀ ಮಾದರಿಗಳ ಹೆಸರಿನ ಅಂಕಿ ಅನೇಕ ಸಲ ಸಾವಿರ ಯೆನ್ ಲೆಕ್ಕದಲ್ಲಿ ಅದರ ಮೂಲ ಬೆಲೆಯೇ ಆಗಿರುತ್ತಿತ್ತು. 50 ಎಂದಿದ್ದರೆ 50,000 ಯೆನ್, 75 ಎಂದಿದ್ದರೆ 75,000. ಒಂದೇ ಕಾರ್ಖಾನೆಯ ಎರಡು ಗಿಟಾರುಗಳಲ್ಲಿ ಯಾವುದಕ್ಕೆ ಹೆಚ್ಚು ಮುತುವರ್ಜಿ ಸಂದಿತ್ತು ಅಂತ ಇದರಿಂದ ಅಂದಾಜು ಸಿಗುತ್ತದೆ. 1970ರ ದಶಕದ ಕೊನೆ ಮತ್ತು 80ರ ದಶಕದ ಮೊದಲರ್ಧದ ಐಬನೆಜ್ ಆದರೆ ಸೀರಿಯಲ್ ನಂಬರಿನ ಮೊದಲ ಅಕ್ಷರ ತಿಂಗಳು, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಮುಂದಿನ ಎರಡು ಅಂಕಿ ವರ್ಷ.

ಈಗ ನೆಕ್ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಹಣ ಉಳಿಯುವುದೂ ಹೋಗುವುದೂ ಇಲ್ಲೇ.

ಆರ್ಚ್‌ಟಾಪಿನಲ್ಲಿ ನೆಕ್ ಒಡಲಿಗೆ ಸೇರುವಾಗ ತುಸು ಹಿಂದಕ್ಕೆ ವಾಲಿರುತ್ತದೆ. ಉಬ್ಬಿದ ಹಲಗೆಯ ಮೇಲೆ ನಿಂತ, ತಂತಿಗಳನ್ನು ಹೊರುವ ಎತ್ತರದ ಬ್ರಿಡ್ಜನ್ನು ತಂತಿಗಳು ಸರಿಯಾಗಿ ಮುಟ್ಟುವುದು ಈ ವಾಲಿಕೆಯಿಂದ. ನಲವತ್ತು ವರ್ಷ ತಂತಿ ಎಳೆದರೆ ಎರಡರಲ್ಲಿ ಒಂದು ಆಗಬಹುದು: ನೆಕ್ ಮುಂದಕ್ಕೆ ಬರುತ್ತದೆ, ಇಲ್ಲವೇ ಮೇಲ್ಹಲಗೆ ಕುಸಿಯುತ್ತದೆ. ಎರಡಕ್ಕೂ ಸಾಕ್ಷಿ ಬ್ರಿಡ್ಜ್. ಅದರ ಎರಡು ತುದಿಯಲ್ಲಿ ಹಲ್ಲುಹಲ್ಲಾದ ಪುಟ್ಟ ಚಕ್ರಗಳಿರುತ್ತವೆ, ತಿರುಗಿಸಿದರೆ ಬ್ರಿಡ್ಜ್ ಏರಿಳಿಯುತ್ತದೆ. ನೆಕ್ ಮುಂದೆ ಬಂದರೆ ತಂತಿ ಎತ್ತರವಾಗುತ್ತದೆ, ನುಡಿಸುವವರು ಚಕ್ರ ತಿರುಗಿಸಿ ಇಳಿಸುತ್ತಾ ಹೋಗುತ್ತಾರೆ. ಚಕ್ರ ಬುಡದ ಮರಕ್ಕೆ ತಾಗಿ ನಿಂತಿದ್ದು, ತಂತಿ ಇನ್ನೂ ಎತ್ತರದಲ್ಲೇ ಇದ್ದರೆ ಇಳಿಸಲು ಜಾಗವೇ ಉಳಿದಿಲ್ಲ. ಆ ಗಿಟಾರ್ ಬಿಟ್ಟುಬಿಡಿ. ನೆಕ್ ಬಿಚ್ಚಿ ಮರುಜೋಡಿಸುವ ಕೆಲಸ ಈ ದರ್ಜೆಯ ಗಿಟಾರಿಗೆ ಗಿಟ್ಟುವುದಿಲ್ಲ. ಚಕ್ರಗಳು ತೀರಾ ಮೇಲಕ್ಕೇರಿ ತಿರುಪಿನ ಕಂಬಗಳು ಉದ್ದಕ್ಕೆ ಕಾಣುತ್ತಿದ್ದರೆ ಹಲಗೆ ಕುಸಿದಿದೆಯೇ ಅಂತ ಸಂಶಯಪಡಿ. ಒಳಗಿನ ಆಧಾರಪಟ್ಟಿ ಅಂಟು ಬಿಟ್ಟಿದ್ದರೆ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಡಗಡ ಸದ್ದು ಬರುತ್ತದೆ.

ಆದ್ದರಿಂದ ನಾನು ಮೊದಲು ಕೇಳುವ ಫೋಟೊ ಬ್ರಿಡ್ಜನ್ನು ಪಕ್ಕದಿಂದ, ಅದರದೇ ಮಟ್ಟದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು. ಚಕ್ರದ ಕೆಳಗೆ ಎರಡು ಮೂರು ಮಿಲಿಮೀಟರ್ ಜಾಗ ಕಂಡರೆ ಅರ್ಧ ಚಿಂತೆ ಕಳೆಯಿತು. ಆಮೇಲೆ ಹನ್ನೆರಡನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ತಂತಿ ಎಷ್ಟು ಎತ್ತರದಲ್ಲಿದೆ ಅಂತ ಅಳೆದು ಹೇಳಲು ಕೇಳಿ. ದಪ್ಪ ತಂತಿ 2 ಮಿಲಿಮೀಟರ್, ತೆಳು ತಂತಿ 1.5ರ ಆಸುಪಾಸಿದ್ದರೆ ಚೆನ್ನ. ಜಪಾನಿನ ಅಂಗಡಿಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ: ಫ್ರೆಟ್ಟುಗಳ ಎತ್ತರ ಹತ್ತರಲ್ಲಿ ಎಷ್ಟು ಪಾಲು ಉಳಿದಿದೆ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಕಂಬಿ) ಇನ್ನೂ ತಿರುಗಲು ಅವಕಾಶವಿದೆಯೇ ಅಂತ ಅವರಾಗಿಯೇ ಬರೆದಿರುತ್ತಾರೆ. ಅದು ಇಲ್ಲದ ಕಡೆ ನೀವೇ ಕೇಳಬೇಕು. ಫ್ರೆಟ್ ಸವೆದಿದ್ದರೆ ಹೊಸದು ಹಾಕಿಸಬಹುದು, ಟ್ರಸ್ ರಾಡ್ ಕೊನೆಮುಟ್ಟಿದ್ದರೆ ಸುಲಭದ ದಾರಿಯಿಲ್ಲ.

ಉಳಿದ ದೋಷಗಳಿಗೆ ಹೆದರಬೇಕಿಲ್ಲ. ಸೊಂಟದ ಬಳಿ ಬೈಂಡಿಂಗ್ ಕುಗ್ಗಿ ಬಿಟ್ಟುಕೊಂಡಿದ್ದರೆ ಮರಳಿ ಅಂಟಿಸಬಹುದು. ಚಿನ್ನದ ಲೇಪ ಮಾಸಿರುವುದು ವಯಸ್ಸಿನ ಗುರುತು. ಆದರೆ ಪಿಕ್‌ಗಾರ್ಡ್ (ಹಲಗೆಗೆ ಗೀರು ಬೀಳದಂತೆ ಕಾಯುವ ಪ್ಲಾಸ್ಟಿಕ್ ಪಟ್ಟಿ) ಹತ್ತಿರದ ಲೋಹ ಮಾತ್ರ ಹಸಿರುಗಟ್ಟಿದ್ದರೆ ಆ ಸೆಲ್ಯುಲಾಯ್ಡ್ ಕೊಳೆತು ಆವಿ ಬಿಡುತ್ತಿದೆ ಎಂದರ್ಥ. ಗಿಟಾರ್ ಬಂದ ದಿನವೇ ಅದನ್ನು ತೆಗೆದು ದೂರವಿಡಿ. ಪಿಕಪ್ ಬದಲಾಗಿದೆಯೇ ಅಂತಲೂ ಕೇಳಿ. ಆ ಕಾಲದ ಐಬನೆಜ್‌ನ ಸೂಪರ್ 70 ಪಿಕಪ್‌ಗಳಿಗೆ ಬೇಡಿಕೆ ಇರುವುದರಿಂದ ಅವನ್ನು ಬಿಚ್ಚಿ ಬೇರೆಯಾಗಿ ಮಾರುವವರಿದ್ದಾರೆ.

ವಾಲ್ಯೂಮ್ ಗುಂಡಿ ಗರಗರ ಅಂದರೆ ಮೊದಲು ಕ್ಲೀನರ್ ಸ್ಪ್ರೇ ಪ್ರಯತ್ನಿಸಿ. ಬದಲಿಸಲೇಬೇಕಾದರೆ ತಾಳ್ಮೆ ಬೇಕು, ಏಕೆಂದರೆ ಹಿಂದೆ ಮುಚ್ಚಳವಿಲ್ಲ, ಎಲ್ಲವೂ ಎಫ್ ರಂಧ್ರದಿಂದಲೇ ಹೊರಬರಬೇಕು. ಪ್ರತಿ ಪಾಟಿನ (ಗುಂಡಿಯ ಕೆಳಗಿನ ವಿದ್ಯುತ್ ನಿಯಂತ್ರಕ) ಕಂಬಕ್ಕೂ ಒಂದೊಂದು ಉದ್ದದ ದಾರ ಕಟ್ಟಿ ಆಮೇಲೆ ಒಳಗೆ ತಳ್ಳುತ್ತೇನೆ. ದಾರದ ಇನ್ನೊಂದು ತುದಿ ಅದರದೇ ತೂತಿನಿಂದ ಹೊರಗೆ ಉಳಿದಿರುತ್ತದೆ. ಕೆಲಸ ಮುಗಿದ ಮೇಲೆ ಹೊಸ ಪಾಟಿಗೆ ಅದೇ ದಾರ ಕಟ್ಟಿ ಎಳೆದರೆ ಅದು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಕೊಳ್ಳುವ ಜಾಗ: ಟೋಕಿಯೊದ ಒಚಾನೊಮಿಜುಗೆ ಹೋಗುವ ಅವಕಾಶ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಒಂದೇ ಬೀದಿಯಲ್ಲಿ ಸಾಲುಸಾಲು ಗಿಟಾರ್ ಅಂಗಡಿಗಳಿವೆ. ದೂರದಿಂದಾದರೆ ಡಿಜಿಮಾರ್ಟ್ ಜಾಲತಾಣದಲ್ಲಿ ಜಪಾನಿನ ಅಂಗಡಿಗಳ ದಾಸ್ತಾನು ನೋಡಿ ಅಲ್ಲಿನ ಬೆಲೆಯ ಅಂದಾಜು ಮಾಡಿಕೊಳ್ಳಿ. ಆಮೇಲೆ ವಿದೇಶಕ್ಕೆ ಕಳಿಸುವ ಅಂಗಡಿಗಳಿಗೆ ಬರೆಯಿರಿ. ಯಾಹೂ ಆಕ್ಷನ್‌ನಲ್ಲಿ ಮಧ್ಯವರ್ತಿ ಸೇವೆಗಳ ಮೂಲಕ ಅಗ್ಗಕ್ಕೆ ಸಿಗುತ್ತದೆ, ಆದರೆ ಮಾರುವವರ ಜೊತೆ ವಿವರವಾಗಿ ಮಾತಾಡುವುದು ಕಷ್ಟ. ಜಂಕ್ ಅಂತ ಬರೆದದ್ದನ್ನು ಯಾವ ದೂರಿಗೂ ವಾಪಸಿಗೂ ಅವಕಾಶವಿಲ್ಲ ಎಂದೇ ತಿಳಿದು ನೋಡಿ. ಮೊದಲ ಆರ್ಚ್‌ಟಾಪನ್ನು ಅಂಗಡಿಯಿಂದಲೇ ಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಗಣೆ, ವಿಮೆ, ನಿಮ್ಮ ದೇಶದ ಆಮದು ಸುಂಕ ಮೂರನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಬೀಟೆ ಮರದ ಫಿಂಗರ್‌ಬೋರ್ಡಿನ ಬಗ್ಗೆ ಆತಂಕ ಬೇಡ. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ವಿನಾಯಿತಿ ಇದೆ, ಬ್ರೆಜಿಲ್ ಬೀಟೆಗೆ ಮಾತ್ರ ಇಲ್ಲ.

ಹಣ ಕಟ್ಟುವ ಮುಂಚೆ ಪ್ಯಾಕಿಂಗ್ ಬಗ್ಗೆ ಎರಡು ಸಾಲು ಬರೆದು ಕಳಿಸಿ. ಈ ಬ್ರಿಡ್ಜ್ ಹಲಗೆಗೆ ಅಂಟಿರುವುದಿಲ್ಲ, ತಂತಿಯ ಒತ್ತಡದಲ್ಲಷ್ಟೇ ನಿಂತಿರುತ್ತದೆ. ದಾರಿಯಲ್ಲಿ ಮಗುಚಿದರೆ ಹಲಗೆಯನ್ನು ಗೀಚುತ್ತದೆ. ಅದನ್ನು ತೆಗೆದು ಬೇರೆಯಾಗಿ ಸುತ್ತಿ, ಟೇಲ್‌ಪೀಸ್ (ತಂತಿಯ ಕೆಳತುದಿ ಹಿಡಿಯುವ ಲೋಹದ ಭಾಗ) ಕೆಳಗೆ ದಪ್ಪ ಬಟ್ಟೆ ಇಟ್ಟು, ಗಟ್ಟಿ ಕೇಸಿನೊಳಗೆ ಹೆಡ್‌ಸ್ಟಾಕ್ ಅಲ್ಲಾಡದಂತೆ ತುಂಬಿ ಕಳಿಸಲಿ. ತೆಗೆಯುವ ಮುಂಚೆ ಬ್ರಿಡ್ಜಿನ ಪಾದಗಳು ಎಲ್ಲಿದ್ದವು ಅಂತ ಒಂದು ಫೋಟೊ ತೆಗೆದಿಡಲು ಹೇಳಿ.

ಬಂದ ಮೇಲೆ ಪೆಟ್ಟಿಗೆಯನ್ನು ಒಂದು ದಿನ ಹಾಗೇ ಬಿಟ್ಟು ಆಮೇಲೆ ತೆರೆಯಿರಿ. ಫ್ಲಾಟ್‌ವೂಂಡ್ (ಸುತ್ತು ಚಪ್ಪಟೆಯಾಗಿ ನುಣುಪಾಗಿರುವ) ತಂತಿ ಹಾಕಿ, 12ರ ಸೆಟ್ (ತೆಳು ತಂತಿ 0.012 ಇಂಚು ದಪ್ಪ), ಕೈಗೆ ಭಾರವೆನಿಸಿದರೆ 11. ಮೂರನೇ ತಂತಿಯೂ ಸುತ್ತಿದ್ದೇ ಆಗಿರಲಿ. ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರ) ಅಲ್ಲೇ ಒತ್ತಿದ ಸ್ವರವೂ ಒಂದೇ ಆಗುವವರೆಗೆ ಬ್ರಿಡ್ಜನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ. ಜಾಗ ಸಿಕ್ಕಿತೆಂದರೆ ಮುಂದೆ ಯಾವಾಗ ತಂತಿ ಬದಲಿಸಿದರೂ ಒಂದೊಂದಾಗಿಯೇ ಬದಲಿಸಿ, ಬ್ರಿಡ್ಜ್ ಅಲ್ಲಾಡುವುದಿಲ್ಲ. ಯಾವುದಾದರೂ ಗಿಟಾರ್ ಕಣ್ಣಿಗೆ ಬಿದ್ದಿದ್ದರೆ ಬ್ರಿಡ್ಜಿನ ಪಕ್ಕದ ಫೋಟೊ ತರಿಸಿ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.