ಗೋವಾದಲ್ಲಿ ನಾವು ಘಾಟಿ, ಇಲ್ಲಿ ಅವರು ಬಿಹಾರಿ

ಇಂಡಿ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. 'ವಿಜಯಪುರದಲ್ಲಿ ಎಲ್ಲಿ ನೋಡಿದರೂ ಬಿಹಾರದವರು. ಟೈಲ್ಸ್ ಅವರೇ, ಪೇಂಟ್ ಅವರೇ, ಹೋಟೆಲಿನಲ್ಲೂ ಅವರೇ. ಕಡಿಮೆ ಕೂಲಿಗೆ ಬರ್ತಾರೆ, ನಮ್ಮ ಹುಡುಗರು ಕಟ್ಟೆ ಮೇಲೆ ಕೂತಿದ್ದಾರೆ. ಇವರಿಗೆ ಯಾರೂ ಬಾಡಿಗೆ ಮನೆ ಕೊಡಬೇಡಿ ಅಂತ ನೀವು ಬರೆಯಬೇಕು' ಅಂತ ಕೇಳಿದ್ದಾರೆ.

ಹಿರಿಯರೇ, ಹಾಗೆ ಬರೆಯುವುದು ನನ್ನಿಂದ ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಗುಳೆ ಹೋಗದ ಊರು ಯಾವುದಿದೆ ಹೇಳಿ? ದೀಪಾವಳಿ ಮುಗಿದ ಮೇಲೆ ಯಾವುದಾದರೂ ತಾಂಡಾಕ್ಕೆ ಹೋಗಿ ನೋಡಿ, ಸಾಲಾಗಿ ಬೀಗ. ಉಳಿದವರು ಮುದುಕರು, ಶಾಲೆ ಮಕ್ಕಳು. ನನ್ನ ಚಿಕ್ಕಪ್ಪ ಹದಿನೆಂಟು ವರ್ಷ ಗೋವಾದಲ್ಲಿ ಗೌಂಡಿ ಕೆಲಸ ಮಾಡಿದರು. ಪ್ರತಿ ಸಲ ಹೊರಡುವಾಗ ಚಿಕ್ಕಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು, ಹದಿನೈದು ದಿನಕ್ಕೆ ಆಗುವಷ್ಟು. ಅಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ. 'ಏ ಘಾಟಿ' ಅಂತಲೇ ಕರೆಯುತ್ತಿದ್ದರು. ಘಟ್ಟದ ಮೇಲಿನವನು ಅಂತಷ್ಟೇ ಅದರ ಅರ್ಥ, ಆದರೆ ಅದನ್ನು ಹೇಳುವ ದನಿ ಬೇರೆ. ಪಕ್ಕದ ಓಣಿಯಲ್ಲಿ ಕಳ್ಳತನ ಆದರೆ ಮೊದಲು ವಿಚಾರಣೆಗೆ ಬರುತ್ತಿದ್ದದ್ದು ಇವರ ತಗಡಿನ ಶೆಡ್ಡಿಗೇ. ಅವರು ಕಳಿಸಿದ ದುಡ್ಡಲ್ಲಿ ನಮ್ಮ ಹೊಲದಲ್ಲಿ ಬೋರ್ ಕೊರೆಸಿದೆವು, ಅತ್ತೆಯ ಮದುವೆ ಮಾಡಿದೆವು. ಅವರು ಕಟ್ಟಿದ ಮನೆಗಳಲ್ಲಿ ಇವತ್ತಿಗೂ ಗೋವಾದವರು ಸಂಸಾರ ಮಾಡುತ್ತಿದ್ದಾರೆ.

2020ರ ಲಾಕ್‌ಡೌನ್ ನಿಮಗೂ ನೆನಪಿರಬೇಕು. ಮಹಾರಾಷ್ಟ್ರದಿಂದ ಬಂದ ನಮ್ಮವರೇ ಗಡಿಯಲ್ಲಿ ಸಿಕ್ಕಿಹಾಕಿಕೊಂಡರು. ಎಷ್ಟೋ ಊರುಗಳಲ್ಲಿ ದಾರಿಗೆ ಮುಳ್ಳುಕಂಟಿ ಎಳೆದು, ಅದೇ ಊರಲ್ಲಿ ಹುಟ್ಟಿದವರನ್ನು ಒಳಗೆ ಬಿಡಲಿಲ್ಲ. ಹೊರಗಿನವನು ಅನ್ನೋ ಮಾತು ಎಷ್ಟು ಬೇಗ ನಮ್ಮ ಮನೆ ಬಾಗಿಲಿಗೆ ಬರುತ್ತೆ ಅಲ್ವಾ?

ಈಗ ಕೆಲಸದ ಮಾತು. ಹೋದ ವರ್ಷ ನಮ್ಮ ಮನೆಗೆ ಟೈಲ್ಸ್ ಹಾಕಿದ್ದು ಬಿಹಾರದ ಹುಡುಗ. ರಬ್ಬರ್ ಸುತ್ತಿಗೆಯಿಂದ ಒಂದೊಂದು ಟೈಲ್ಸಿನ ಮೂಲೆ ತಟ್ಟಿ, ತಲೆ ಬಗ್ಗಿಸಿ ಸದ್ದು ಕೇಳುತ್ತಿದ್ದ. ಟೊಳ್ಳು ಸದ್ದು ಬಂತೋ, ನಾನು ಇರಲಿ ಬಿಡು ಅಂದರೂ ಕೇಳದೆ ಕಿತ್ತು, ಮತ್ತೆ ಸಿಮೆಂಟ್ ಹಾಕಿ ಕೂರಿಸುತ್ತಿದ್ದ. ಅವನ ಕೈಕೆಳಗೆ ಹೆಲ್ಪರ್ ಆಗಿದ್ದವನು ನಮ್ಮ ಓಣಿಯ ಹುಡುಗ. ಈಗ ಅವನೇ ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದಾನೆ. ಮನೆ ಏಳುವಾಗ ಮರಳಿನ ಟ್ರ್ಯಾಕ್ಟರಿನವನಿಗೆ, ಹಾರ್ಡ್‌ವೇರ್ ಅಂಗಡಿಯವನಿಗೆ, ವೈರಿಂಗ್ ಮಾಡುವವನಿಗೆ ಕೆಲಸ ಸಿಗುತ್ತೆ. ಇವರೆಲ್ಲ ಹೆಚ್ಚಾಗಿ ನಮ್ಮೂರಿನವರೇ. ಮುಧೋಳ, ಜಮಖಂಡಿ ಕಡೆಯ ರೈತರನ್ನು ಕೇಳಿ ನೋಡಿ: ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್ ತಡವಾದರೆ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತೆ, ಆ ನಷ್ಟ ರೈತನದೇ. ಇಷ್ಟೇ ಏಕೆ, ನಾವು ಹೆಮ್ಮೆಯಿಂದ ಬೀಗರಿಗೆ ಒಯ್ಯುವ ಧಾರವಾಡ ಪೇಡೆ ಕೂಡ ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನದವರ ಕೈಯದು.

ಕೂಲಿ ಬಗ್ಗೆ ನೀವು ಹೇಳಿದ್ದು ಮಾತ್ರ ನಿಜ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕೂಲಿ ಇಳಿಸಿದವನು ಯಾರು? ರೈಲಿನಲ್ಲಿ ಎರಡು ದಿನ ಕೂತು ಬಂದ ಹುಡುಗನಾ? ಭಾಷೆ ಬರಲ್ಲ, ಕೇಳೋರು ಯಾರೂ ಇಲ್ಲ ಅಂತ ಗೊತ್ತಿದ್ದೇ ಗುತ್ತಿಗೆದಾರ ಅವನಿಗೆ ಕಡಿಮೆ ಕೊಡುತ್ತಾನೆ, ಆಮೇಲೆ ಅದೇ ರೇಟು ತೋರಿಸಿ ನಮ್ಮ ಹುಡುಗನನ್ನೂ ಬಗ್ಗಿಸುತ್ತಾನೆ. ಬೇರೆ ರಾಜ್ಯದಿಂದ ಕರೆತಂದವನಿಗೂ ಅದೇ ಕೆಲಸ ಮಾಡುವ ಸ್ಥಳೀಯನಷ್ಟೇ ಕೂಲಿ ಕೊಡಬೇಕು ಅಂತ 1979ರಲ್ಲೇ ಕಾನೂನು ಬಂತು. ಅದು ಕಾಗದದಲ್ಲೇ ಉಳಿದಿದ್ದಕ್ಕೆ ಇಬ್ಬರಿಗೂ ಪೆಟ್ಟು. ಬಿಹಾರದವನಿಗೂ ಪೂರ್ತಿ ಕೂಲಿ ಸಿಕ್ಕರೆ, ನಿಮ್ಮೂರಿನ ಹುಡುಗನನ್ನು ಬಿಟ್ಟು ಅವನನ್ನೇ ಕರೆತರಲು ಗುತ್ತಿಗೆದಾರನಿಗೆ ಏನು ಲಾಭ?

ಅದಕ್ಕೇ ನಿಮ್ಮನ್ನು ಒಂದು ಕೇಳುತ್ತೇನೆ. ನಿಮ್ಮ ಕಡೆ ಗೌಂಡಿಗೆ, ಹೆಲ್ಪರಿಗೆ, ಟೈಲ್ಸಿನವನಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ, ನಮ್ಮವರಿಗೆಷ್ಟು, ಹೊರಗಿನವರಿಗೆಷ್ಟು, ಇಬ್ಬರನ್ನೂ ಕೂರಿಸಿಕೊಂಡು ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಹಾಕುತ್ತೇನೆ.

- ಸಂಪಾದಕ