ಮತ್ತೆ ಮತ್ತೆ ವಾಂತಿ: ಇದು ನಿಜವಾಗಿಯೂ ಅಪರೂಪದ ಕಾಯಿಲೆನಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಏಳು ವರ್ಷ. ಒಂದೂವರೆ ತಿಂಗಳಿಗೊಮ್ಮೆ ನಸುಕಿನಲ್ಲಿ ಎದ್ದು ವಾಂತಿ ಮಾಡಲು ಶುರು ಮಾಡುತ್ತಾಳೆ. ಗಂಟೆಗೆ ಐದಾರು ಸಲ, ಮರುದಿನದವರೆಗೂ. ಆಮೇಲೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎದ್ದು ಊಟ ಕೇಳುತ್ತಾಳೆ. ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಸರಿಯಿದೆ. ಈಗ ‘ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್, ತುಂಬಾ ಅಪರೂಪದ್ದು’ ಅಂದಿದ್ದಾರೆ. ಲಕ್ಷಕ್ಕೊಬ್ಬರಿಗೆ ಬರುವುದು ನನ್ನ ಮಗುವಿಗೇ ಯಾಕೆ ಬಂತು?

ಉತ್ತರ: ಮೊದಲು ಆ ‘ಲಕ್ಷಕ್ಕೊಬ್ಬರು’ ಅನ್ನುವುದನ್ನು ಮನಸ್ಸಿನಿಂದ ತೆಗೆದುಬಿಡಿ. ಇದು ಅಷ್ಟು ಅಪರೂಪ ಅಲ್ಲ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 5ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ ನಡೆದ ಸಮೀಕ್ಷೆ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 1.9 ಮಕ್ಕಳಿಗೆ ಈ ತೊಂದರೆ ಇತ್ತು. ಪಶ್ಚಿಮ ಆಸ್ಟ್ರೇಲಿಯಾದ 1963ರ ಲೆಕ್ಕ ಶೇ. 2.3. ಅಂದರೆ 500 ಮಕ್ಕಳ ಶಾಲೆಯಲ್ಲಿ ಹೆಚ್ಚುಕಮ್ಮಿ ಹತ್ತು ಮಕ್ಕಳು. ಅದೇ ಐರ್ಲೆಂಡಿನ 2008ರ ವರದಿ ನೋಡಿ: ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು 3 ಹೊಸ ರೋಗಿಗಳು. ಎಷ್ಟು ವ್ಯತ್ಯಾಸ ಅಲ್ವಾ? ಆದರೆ ಐರ್ಲೆಂಡಿನವರು ಎಣಿಸಿದ್ದು ಆ ವರ್ಷ ವೈದ್ಯರ ಹತ್ತಿರ ಬಂದು, ಇದೇ ಕಾಯಿಲೆ ಅಂತ ಹೊಸದಾಗಿ ಗೊತ್ತಾದ ಮಕ್ಕಳನ್ನು ಮಾತ್ರ. ಅಬರ್ಡೀನಿನವರು ಶಾಲೆಗಳಿಂದಲೇ ಮಕ್ಕಳನ್ನು ಆರಿಸಿ ವಿಚಾರಿಸಿದ್ದರು, ಯಾವ ವೈದ್ಯರಿಗೂ ತೋರಿಸದವರೂ ಅದರಲ್ಲಿ ಸೇರಿದ್ದರು. ಕೇಳುವ ರೀತಿ ಬದಲಾದರೂ ಸಂಖ್ಯೆ ಬದಲಾಗುತ್ತದೆ. 2021ರಲ್ಲಿ ಬಂದ, 33 ದೇಶಗಳ ವಯಸ್ಕರ ಮೇಲಿನ ದೊಡ್ಡ ಅಧ್ಯಯನದಲ್ಲಿ, ಈ ಕಾಯಿಲೆ ಸೇರುವ ಇಡೀ ಗುಂಪಿನ ಜೀರ್ಣಾಂಗದ ತೊಂದರೆಗಳು ಇಂಟರ್ನೆಟ್ಟಿನಲ್ಲಿ ಉತ್ತರ ಕೊಟ್ಟವರಲ್ಲಿ ಶೇ. 40 ಇದ್ದವು, ಮನೆಗೆ ಹೋಗಿ ಕೇಳಿದಾಗ ಶೇ. 21 ಅಷ್ಟೇ.

ಕಾಯಿಲೆ ಹೊಸದೂ ಅಲ್ಲ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1882ರಲ್ಲೇ ಇಂಥ ಒಂಬತ್ತು ಮಕ್ಕಳ ಬಗ್ಗೆ ಬರೆದಿದ್ದರು. ಆದರೂ ಇವತ್ತಿಗೂ ಮಕ್ಕಳಲ್ಲಿ ಗುರುತಿಸಲು ಎರಡು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ, ದೊಡ್ಡವರಲ್ಲಿ ಇನ್ನೂ ತಡ. ಯಾಕೆ ಅಂದರೆ, ಪ್ರತಿ ಸಲವೂ ಬೇರೆ ಬೇರೆ ಡಾಕ್ಟರು ನೋಡುತ್ತಾರೆ. ಅವರ ಮುಂದೆ ಇರುವುದು ಬಕೆಟ್ ತಬ್ಬಿಕೊಂಡು, ಬಿಳಿಚಿಕೊಂಡು, ಮಾತಾಡಿಸಿದರೂ ಕಣ್ಣು ಬಿಡದ ಒಂದು ಮಗು. ‘ಫುಡ್ ಪಾಯ್ಸನ್’ ಅಂತ ಡ್ರಿಪ್ ಹಾಕಿ ಕಳಿಸುತ್ತಾರೆ. ಹಿಂದಿನ ಐದು ಸಲವೂ ಹೀಗೇ ಆಗಿತ್ತು ಅನ್ನುವುದು ನಿಮಗೆ ಮಾತ್ರ ಗೊತ್ತು. ಅಷ್ಟು ಎಣಿಸಿಟ್ಟ ನಿಮ್ಮಂಥ ತಾಯಂದಿರಿಂದಲೇ ಎಷ್ಟೋ ಮಕ್ಕಳ ಕಾಯಿಲೆ ಪತ್ತೆಯಾಗಿದೆ.

‘ನನ್ನ ಮಗುವಿಗೇ ಯಾಕೆ’ ಅಂದಿರಿ. ನೀವು ಕೊಟ್ಟ ಊಟದಿಂದ ಅಲ್ಲ, ಸಾಕಿದ ರೀತಿಯಿಂದಲೂ ಅಲ್ಲ. ಇದು ಮೈಗ್ರೇನಿಗೆ ಹತ್ತಿರದ ಸಂಬಂಧಿ. ನಿಮಗೋ ನಿಮ್ಮ ತಾಯಿಗೋ ಅರೆತಲೆನೋವು ಇದೆಯಾ ನೆನಪು ಮಾಡಿಕೊಳ್ಳಿ, ಇದ್ದರೆ ಡಾಕ್ಟರಿಗೆ ಹೇಳಿ. ಸುಮಾರು ಮಕ್ಕಳಲ್ಲಿ ಹದಿಹರೆಯಕ್ಕೆ ವಾಂತಿ ನಿಂತು, ಕೆಲವರಿಗೆ ಅದರ ಜಾಗದಲ್ಲಿ ತಲೆನೋವು ಶುರುವಾಗುತ್ತದೆ. ನಿದ್ದೆಗೆಡುವುದು, ಶೀತ ಜ್ವರ, ಹುಟ್ಟುಹಬ್ಬದಂಥ ಖುಷಿಯ ಸಡಗರ ಕೂಡ ಇದನ್ನು ಎಬ್ಬಿಸಬಹುದು.

ಒಂದು ನೋಟ್‌ಬುಕ್ ಇಡಿ. ತಾರೀಕು, ಶುರುವಾದ ಹೊತ್ತು, ಎಷ್ಟು ಸಲ, ಹಿಂದಿನ ರಾತ್ರಿ ಎಷ್ಟು ಗಂಟೆಗೆ ಮಲಗಿದಳು, ಇಷ್ಟು ಬರೆದರೆ ಸಾಕು. ಪದೇ ಪದೇ ಬರುವವರಿಗೆ ತಡೆಯುವ ಔಷಧಿಗಳಿವೆ, ಅದನ್ನು ನಿಮ್ಮ ಮಕ್ಕಳ ವೈದ್ಯರ ಹತ್ತಿರ ಕೇಳಿ. ಆದರೆ ಹೊಟ್ಟೆ ಉಬ್ಬಿ ಜೋರು ನೋವು, ವಾಂತಿಯಲ್ಲಿ ರಕ್ತ, ಎಂದೂ ಇಲ್ಲದ ಹಾಗೆ ಹಸಿರು ವಾಂತಿ, ಎಂಟು ಗಂಟೆಯಾದರೂ ಮೂತ್ರ ಇಲ್ಲ, ಇವುಗಳಲ್ಲಿ ಒಂದು ಕಂಡರೂ ‘ಇದು ಅದೇ ಇರಬೇಕು’ ಅಂತ ಮನೆಯಲ್ಲಿ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ, ನೋಟ್‌ಬುಕ್ ಜೊತೆಗೇ ತಗೊಂಡು.